ಕುದಿಸಬಾರದ ಕಷಾಯ: ಜರ್ಮನಿಯ ಗ್ಲೂವೈನ್ ಅಂದರೇನು, ಮಾಡುವುದು ಹೇಗೆ?

ಡಿಸೆಂಬರ್ ಬಂತೆಂದರೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಸ್ಟುಟ್‌ಗಾರ್ಟಿನಿಂದ ಒಂದು ಫೋಟೋ ಬಂದೇ ಬರುತ್ತದೆ. ಹಿಂದೆ ದೀಪ ಹಚ್ಚಿದ ಮರದ ಅಂಗಡಿಗಳು, ಮುಂದೆ ಉಣ್ಣೆಯ ಕೈಗವಸು ತೊಟ್ಟ ಕೈ, ಕೈಯಲ್ಲಿ ಬೂಟಿನ ಆಕಾರದ ಪಿಂಗಾಣಿ ಲೋಟ, ಲೋಟದಲ್ಲಿ ಹಬೆಯಾಡುವ ಕಡುಗೆಂಪು ಪಾನೀಯ. ಹೋದ ವರ್ಷ ಚಿಕ್ಕಮ್ಮ ಕೇಳಿಯೇಬಿಟ್ಟರು: "ಏನೋ ಅದು, ಕಷಾಯಾನಾ?" ಆ ಕಡೆಯಿಂದ ತಕ್ಷಣ ಉತ್ತರ: "ಹೂಂ ಚಿಕ್ಕಮ್ಮ, ಕಷಾಯಾನೇ. ಚಕ್ಕೆ, ಲವಂಗ ಎಲ್ಲಾ ಹಾಕಿದಾರೆ."

ಉತ್ತರ ಪೂರ್ತಿ ಸುಳ್ಳಲ್ಲ. ಚಕ್ಕೆ, ಲವಂಗ ಇದ್ದದ್ದು ನಿಜ. ಅವು ಬಿದ್ದದ್ದು ನೀರಿಗಲ್ಲ, ವೈನಿಗೆ ಎಂಬುದನ್ನು ಮಾತ್ರ ಹುಡುಗ ಹೇಳಲಿಲ್ಲ. ಓದಿಗೋ ಕೆಲಸಕ್ಕೋ ಜರ್ಮನಿಗೆ ಹೋದ ಮಕ್ಕಳು ಈಗ ಎಷ್ಟೋ ಮನೆಗಳಲ್ಲಿದ್ದಾರೆ. ಹಾಗಾಗಿ ಈ ಲೋಟದ ಬಗ್ಗೆ ಇಲ್ಲಿ ಕುಳಿತವರಿಗೂ ಕುತೂಹಲ. ಅದು ಬೀರೋ, ಔಷಧಿಯೋ? ಬಿಸಿ ಮಾಡಿದರೆ ಅದರಲ್ಲಿನ ಆಲ್ಕೋಹಾಲ್ ಹಾರಿಹೋಗುವುದಿಲ್ಲವೇ? ಮನೆಯಲ್ಲಿ ಮಾಡಲು ಬರುತ್ತದೆಯೇ? ಒಂದೊಂದಾಗಿ ನೋಡೋಣ.

ಹೆಸರಿನಲ್ಲೇ ಕೆಂಡವಿದೆ

ಈ ಪಾನೀಯದ ಹೆಸರು ಗ್ಲೂವೈನ್. ಜರ್ಮನ್ ಭಾಷೆಯಲ್ಲಿ 'ಗ್ಲೂಯೆನ್' ಅಂದರೆ ಕೆಂಡದಂತೆ ನಿಗಿನಿಗಿ ಹೊಳೆಯುವುದು. ಒಂದು ಕಾಲದಲ್ಲಿ ಕಬ್ಬಿಣದ ಸರಳನ್ನು ಕೆಂಪಗೆ ಕಾಯಿಸಿ ವೈನಿನಲ್ಲಿ ಅದ್ದಿ ಬಿಸಿ ಮಾಡುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಇಂಗ್ಲಿಷಿನವರು ಇದನ್ನು ಮಲ್ಡ್ ವೈನ್ ಎನ್ನುತ್ತಾರೆ. ದ್ರಾಕ್ಷಿ ವೈನನ್ನು ಸಕ್ಕರೆ, ಮಸಾಲೆ, ಕಿತ್ತಳೆ ಸಿಪ್ಪೆಯೊಂದಿಗೆ ಬೆಚ್ಚಗೆ ಮಾಡಿದ್ದು, ಅಷ್ಟೇ.

ಬಾಟಲಿಯಲ್ಲಿ ತುಂಬಿ ಮಾರಬೇಕಾದರೆ ಮಾತ್ರ 'ಅಷ್ಟೇ' ಸಾಲದು. ಐರೋಪ್ಯ ಒಕ್ಕೂಟದ 2014ರ ನಿಯಮದ ಪ್ರಕಾರ ಗ್ಲೂವೈನ್ ಎಂಬ ಹೆಸರು ಹಾಕಲು ಅದು ಕೆಂಪು ಅಥವಾ ಬಿಳಿ ವೈನಿನಿಂದಲೇ ಆಗಿರಬೇಕು, ಮುಖ್ಯ ಪರಿಮಳ ದಾಲ್ಚಿನ್ನಿಯದೋ ಲವಂಗದ್ದೋ ಆಗಿರಬೇಕು, ಆಲ್ಕೋಹಾಲ್ ಶೇ. 7ಕ್ಕಿಂತ ಕಡಿಮೆ ಇರಬಾರದು. ನೀರು ಬೆರೆಸುವಂತಿಲ್ಲ. ಹಾಲಿನವನ ಜೊತೆ ನಾವು ಮಾಡುವ ಜಗಳವನ್ನೇ ಅವರು ಕಾನೂನು ಮಾಡಿಟ್ಟುಕೊಂಡಿದ್ದಾರೆ.

ಮೆಣಸು ಹೋದ ದಾರಿ

ವೈನಿಗೆ ಮಸಾಲೆ ಹಾಕುವುದು ಜರ್ಮನರು ಕಂಡುಹಿಡಿದದ್ದಲ್ಲ. ಅಪಿಸಿಯಸ್ ಹೆಸರಿನಲ್ಲಿ ಉಳಿದುಬಂದಿರುವ ಪ್ರಾಚೀನ ರೋಮಿನ ಪಾಕಸಂಗ್ರಹ ಶುರುವಾಗುವುದೇ ಮಸಾಲೆ ವೈನಿನಿಂದ. ಅದಕ್ಕೆ ಜೇನು, ಕೇಸರಿ, ಖರ್ಜೂರ ಮತ್ತು ಕಾಳುಮೆಣಸು ಬೀಳುತ್ತಿದ್ದವು. ಆ ಮೆಣಸು ಹಡಗು ಹತ್ತುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಲ್ಲಿ. ಸಂಸ್ಕೃತದಲ್ಲಿ ಕಾಳುಮೆಣಸಿಗೆ 'ಯವನಪ್ರಿಯ' ಎಂಬ ಹೆಸರೇ ಇದೆ. ಯವನರು, ಅಂದರೆ ಪಶ್ಚಿಮದ ಪರದೇಶಿಯರು, ಅದಕ್ಕಾಗಿ ಹಾತೊರೆಯುತ್ತಿದ್ದರು. ಹದಿನಾರನೇ ಶತಮಾನಕ್ಕೆ ಬಂದರೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದು 'ಕಾಳುಮೆಣಸಿನ ರಾಣಿ' ಎಂದೇ. ಉಳಿದ ಮಸಾಲೆಗಳು ಬೇರೆ ಬೇರೆ ಊರಿನವು. ಏಲಕ್ಕಿ ಪಶ್ಚಿಮ ಘಟ್ಟದ್ದು, ಒಳ್ಳೆಯ ದಾಲ್ಚಿನ್ನಿ ಶ್ರೀಲಂಕಾದ್ದು, ಲವಂಗ ಇಂಡೊನೇಷ್ಯಾದ ಮಲಕ್ಕು ದ್ವೀಪಗಳದ್ದು. ಇವೆಲ್ಲ ದುಬಾರಿಯಾಗಿದ್ದಷ್ಟು ಕಾಲ ಮಸಾಲೆ ವೈನ್ ಶ್ರೀಮಂತರ ಪಾನೀಯ.

1834ರಲ್ಲಿ ಸ್ಯಾಕ್ಸನಿಯ ಸಿರಿವಂತ ಆಗಸ್ಟ್ ವಾಕರ್‌ಬಾರ್ಟ್ ಬರೆದಿಟ್ಟ ಪಾಕವಿಧಾನ ಜರ್ಮನಿಯ ತೀರ ಹಳೆಯ ಗ್ಲೂವೈನ್ ವಿಧಾನಗಳಲ್ಲಿ ಒಂದು. ಅದು ಬಿಳಿ ವೈನಿನದು. ದಾಲ್ಚಿನ್ನಿ, ಶುಂಠಿ, ಏಲಕ್ಕಿ, ಕೇಸರಿ ಎಲ್ಲ ಅದರಲ್ಲಿವೆ. ಸಂತೆಯ ಅಂಗಡಿಯಲ್ಲಿ ಯಾರು ಬೇಕಾದರೂ ಕೊಂಡು ಕುಡಿಯುವಂತಾದದ್ದು ಬಹಳ ಈಚೆಗೆ. ಡ್ರೆಸ್ಡೆನ್ನಿನ ಕ್ರಿಸ್‌ಮಸ್ ಸಂತೆ 1434ರಷ್ಟು ಹಳೆಯದಾದರೂ, ಬಾಟಲಿಯ ಗ್ಲೂವೈನ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ಔಗ್ಸ್‌ಬರ್ಗಿನ ರುಡಾಲ್ಫ್ ಕುನ್ಸ್‌ಮನ್ ಎಂಬ ವ್ಯಾಪಾರಿಯ ಕೈಯಿಂದ.

ಮಸಾಲೆಯ ಸಾರ ಇಳಿಯುವುದು ಹೇಗೆ?

ಲವಂಗದ ವಾಸನೆ ಯುಜಿನಾಲ್ ಎಂಬ ಎಣ್ಣೆಯಂಥ ಪದಾರ್ಥದ್ದು. ಹಲ್ಲು ನೋವಿಗೆ ಲವಂಗದೆಣ್ಣೆ ಹಚ್ಚಿದಾಗ ಒಸಡು ಜೋಮು ಹಿಡಿಯುವುದೂ ಅದರಿಂದಲೇ. ಚಕ್ಕೆಯದು ಸಿನಮಾಲ್ಡಿಹೈಡ್, ಕಿತ್ತಳೆ ಸಿಪ್ಪೆಯದು ಲಿಮೊನೀನ್. ಇವಾವುವೂ ನೀರಿನೊಂದಿಗೆ ಸುಲಭವಾಗಿ ಬೆರೆಯುವುದಿಲ್ಲ. ಎಣ್ಣೆಯಲ್ಲಿ, ಆಲ್ಕೋಹಾಲಿನಲ್ಲಿ ಚೆನ್ನಾಗಿ ಬೆರೆಯುತ್ತವೆ.

ಒಗ್ಗರಣೆಯನ್ನು ನೆನಪಿಸಿಕೊಳ್ಳಿ. ಇಂಗು, ಸಾಸಿವೆ, ಕರಿಬೇವನ್ನು ಸೀದಾ ಸಾರಿಗೆ ಹಾಕುವುದಿಲ್ಲ; ಮೊದಲು ಎಣ್ಣೆಗೆ ಹಾಕಿ ಘಮವನ್ನು ಬಿಡಿಸಿಕೊಂಡು, ಆ ಎಣ್ಣೆಯನ್ನು ಸಾರಿಗೆ ಸುರಿಯುತ್ತೇವೆ. ಎಣ್ಣೆ ಅಲ್ಲಿ ಘಮವನ್ನು ಹೊತ್ತು ತರುವ ಗಾಡಿ. ಗ್ಲೂವೈನಿನಲ್ಲಿ ಆ ಗಾಡಿ ಆಲ್ಕೋಹಾಲ್. ನೀರಿನ ಕಷಾಯದಲ್ಲಿ ಗಾಡಿಯೇ ಇಲ್ಲ. ಆದ್ದರಿಂದಲೇ ಅದನ್ನು ಗಂಟೆಗಟ್ಟಲೆ ಕುದಿಸಿ, ನಾಲ್ಕರಲ್ಲಿ ಒಂದು ಪಾಲಿಗೆ ಬತ್ತಿಸಿ, ಬಲವಂತವಾಗಿ ಸಾರ ತೆಗೆಯಬೇಕಾಗುತ್ತದೆ. ವೈನಿಗೆ ಆ ಬಲವಂತ ಬೇಡ, ಹದವಾದ ಬಿಸಿಯೇ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಘಮದ ಹಿಂದೆಯೇ ಕಹಿಯೂ ಒಗರೂ ಇಳಿಯುತ್ತವೆ.

ಸಕ್ಕರೆಯ ಕೆಲಸ ಬರೀ ಸಿಹಿ ಮಾಡುವುದಲ್ಲ. ಕೆಂಪು ವೈನಿನಲ್ಲಿ ಟ್ಯಾನಿನ್ ಎಂಬ ಒಗರು ಇರುತ್ತದೆ. ಬಾಳೆಕಾಯಿ ಹೆಚ್ಚುವಾಗ ಕೈಗೆ ಅಂಟುವ, ಸ್ಟ್ರಾಂಗ್ ಡಿಕಾಕ್ಷನ್ ಟೀ ಕುಡಿದಾಗ ನಾಲಿಗೆ ಒಣಗಿಸುವ ಆ ಗುಣ. ಸಕ್ಕರೆ ಅದನ್ನು ಮುಚ್ಚುತ್ತದೆ, ಹುಳಿಯನ್ನು ತಗ್ಗಿಸುತ್ತದೆ. ಸಂತೆಯಲ್ಲಿ ಅಗ್ಗದ ವೈನಿಗೆ ಸಕ್ಕರೆ ಸುರಿದು ಮಾರುವವರಿಗೂ ಇದು ಗೊತ್ತು. ಲೋಟ ತಣಿದ ಮೇಲೆ ಒಂದು ಗುಟುಕು ಕುಡಿದರೆ ಒಳಗಿದ್ದ ವೈನ್ ಎಂಥದ್ದು ಎಂದು ತಿಳಿಯುತ್ತದೆ.

ಯಾಕೆ ಕುದಿಸಬಾರದು?

ಇಡೀ ವಿಷಯದ ಜೀವ ಇಲ್ಲಿದೆ. ಉಳಿದದ್ದರಲ್ಲಿ ಎಡವಿದರೂ ಗ್ಲೂವೈನ್ ಕುಡಿಯುವ ಹಾಗಿರುತ್ತದೆ. ಇಲ್ಲಿ ಎಡವಿದರೆ ಇಲ್ಲ.

ಶುದ್ಧ ಆಲ್ಕೋಹಾಲ್, ಅಂದರೆ ಎಥನಾಲ್, ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ನೀರು 100ಕ್ಕೆ. ಇದನ್ನು ಓದಿದವರು ಸಾಮಾನ್ಯವಾಗಿ ಹೀಗೆ ಅಂದುಕೊಳ್ಳುತ್ತಾರೆ: 77ರವರೆಗೆ ಆಲ್ಕೋಹಾಲ್ ಅಲುಗಾಡದೆ ಕುಳಿತಿರುತ್ತದೆ, 78 ಆದೊಡನೆ ಎದ್ದು ಹೋಗುತ್ತದೆ, ನೀರು ಉಳಿಯುತ್ತದೆ. ಹಾಗಲ್ಲ. ವೈನಿನಲ್ಲಿ ಎರಡೂ ಒಂದರೊಳಗೊಂದು ಬೆರೆತಿವೆ. ಶೇ. 12ರ ವೈನ್ ಕುದಿಯಲು ಶುರುವಾಗುವುದು 90 ಡಿಗ್ರಿ ದಾಟಿದ ಮೇಲೆ. ಅದಕ್ಕೂ ಮೊದಲು, ಬಿಸಿ ಏರುತ್ತಿದ್ದಂತೆಯೇ, ಆಲ್ಕೋಹಾಲ್ ಸ್ವಲ್ಪಸ್ವಲ್ಪವಾಗಿ ಹಬೆಯಾಗುತ್ತಿರುತ್ತದೆ. ಕುದಿ ಬಂದಾಗ ಏಳುವ ಹಬೆಯಲ್ಲಂತೂ ಆಲ್ಕೋಹಾಲಿನ ಪಾಲು ಪಾತ್ರೆಯಲ್ಲಿರುವುದಕ್ಕಿಂತ ಹಲವು ಪಟ್ಟು. ಭಟ್ಟಿ ಇಳಿಸುವವರು ಆ ಹಬೆಯನ್ನೇ ಹಿಡಿದು ತಣಿಸಿಕೊಳ್ಳುತ್ತಾರೆ. ಗ್ಲೂವೈನ್ ಕುದಿಸುವವರು ಅದನ್ನು ಅಡುಗೆಮನೆ ಕಿಟಕಿಯಿಂದ ಆಚೆ ಕಳಿಸುತ್ತಾರೆ.

ಹಾಗಾದರೆ ಚೆನ್ನಾಗಿ ಕುದಿಸಿದರೆ ಮಕ್ಕಳಿಗೂ ಕೊಡಬಹುದಲ್ಲ? ಖಂಡಿತ ಕೂಡದು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕವೊಂದು ಅಡುಗೆಗೆ ಹಾಕಿದ ಆಲ್ಕೋಹಾಲಿನಲ್ಲಿ ಎಷ್ಟು ಉಳಿಯುತ್ತದೆಂದು ಲೆಕ್ಕ ಕೊಡುತ್ತದೆ. ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿದರೆ ಸುಮಾರು ಶೇ. 40, ಒಂದು ಗಂಟೆಗೆ ಶೇ. 25, ಎರಡೂವರೆ ಗಂಟೆ ಬೇಯಿಸಿದ ಮೇಲೂ ಶೇ. 5. ಪಾತ್ರೆಯ ಬಾಯಿ, ಉರಿ, ಮುಚ್ಚಳ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. ಆದರೆ 'ಬಿಸಿ ಮಾಡಿದ್ದೇವೆ, ಏನೂ ಉಳಿದಿಲ್ಲ' ಎಂಬ ಮಾತು ಯಾವ ಪಾತ್ರೆಯಲ್ಲೂ ನಿಲ್ಲುವುದಿಲ್ಲ.

ಆಲ್ಕೋಹಾಲ್ ಹೋಗುವುದಕ್ಕಿಂತ ದೊಡ್ಡ ನಷ್ಟ ರುಚಿಯದು. ಘಮದ ಎಣ್ಣೆಗಳು ಹಬೆಯ ಬೆನ್ನು ಹತ್ತಿ ಹೋಗುತ್ತವೆ. ಮನೆಯೆಲ್ಲ ಘಮಘಮ, ಲೋಟದಲ್ಲಿ ಏನೂ ಇಲ್ಲ. ಜೊತೆಗೆ ಸಕ್ಕರೆ ಮತ್ತು ಹುಳಿ ಒಟ್ಟಿಗೆ ಹೆಚ್ಚು ಕಾದರೆ ಎಚ್‌ಎಂಎಫ್ ಎಂಬ ಸಂಯುಕ್ತ ಹುಟ್ಟುತ್ತದೆ. ಹೆಚ್ಚು ಕಾಯಿಸಿದ ಜೇನನ್ನು ಪ್ರಯೋಗಾಲಯದಲ್ಲಿ ಪತ್ತೆ ಹಚ್ಚುವುದೂ ಇದರ ಅಳತೆಯಿಂದಲೇ. ಹಾಗೆ ಕಾದ ವೈನಿಗೆ ಸೀದ ಬೆಲ್ಲದ ಪಾಕದಂಥ ಒಂದು ಬೆಂದ ರುಚಿ ಬರುತ್ತದೆ. ದಿನವಿಡೀ ಒಲೆಯ ಮೇಲಿದ್ದ ಗ್ಲೂವೈನನ್ನು ಸಂಜೆ ಕೊಳ್ಳುವವರು ಬಹುಪಾಲು ಕುಡಿಯುವುದು ಇದನ್ನೇ.

ಹದ 65ರಿಂದ 70 ಡಿಗ್ರಿ. ಅಡುಗೆ ಥರ್ಮಾಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ. ಹಾಲು ಕಾಯಿಸುವಾಗ, ಉಕ್ಕುವ ಮುನ್ನ, ಅಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಏಳುತ್ತದಲ್ಲ? ವೈನ್ ಅಲ್ಲಿಯವರೆಗೂ ಹೋಗಬಾರದು. ಹಬೆ ಕಾಣಬೇಕು, ಗುಳ್ಳೆ ಕಾಣಬಾರದು.

ಮನೆಯಲ್ಲಿ ಮಾಡುವ ಕ್ರಮ

750 ಮಿಲಿಯ ಒಂದು ಬಾಟಲಿಗೆ ನಾಲ್ಕು ಲೋಟ ಆಗುತ್ತದೆ. ಒಗರು ಕಡಿಮೆ ಇರುವ, ಸಿಹಿಯಿಲ್ಲದ ಕೆಂಪು ವೈನ್ ಆರಿಸಿ, ಮರ್ಲೋ ಎಂಬ ದ್ರಾಕ್ಷಿಯ ವೈನ್ ಸರಿಹೋಗುತ್ತದೆ. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿಸಿದ ದುಬಾರಿ ವೈನನ್ನು ಇದಕ್ಕೆ ಸುರಿಯಬೇಡಿ. ಅದರ ಸೂಕ್ಷ್ಮ ರುಚಿಯನ್ನು ಲವಂಗ ಒಂದೇ ಏಟಿಗೆ ನುಂಗುತ್ತದೆ, ಮರದ ಒಗರು ಮಾತ್ರ ಬಿಸಿಯಲ್ಲಿ ಎದ್ದು ಕಾಣುತ್ತದೆ. ಹಾಗೆಂದು ಹಾಗೇ ಕುಡಿಯಲಾಗದಷ್ಟು ಕೆಟ್ಟದ್ದೂ ಬೇಡ.

ಕೆಲಸವನ್ನು ಎರಡು ಹಂತ ಮಾಡಿಕೊಳ್ಳುವುದು ಜಾಣತನ. ಮೊದಲು ಕಷಾಯ, ಆಮೇಲೆ ವೈನ್.

ಎರಡು ಕಿತ್ತಳೆಯ ರಸಕ್ಕೆ ನಾಲ್ಕು ದೊಡ್ಡ ಚಮಚ ಸಕ್ಕರೆ, ಎರಡು ತುಂಡು ಚಕ್ಕೆ, ಐದು ಲವಂಗ, ಜಜ್ಜಿದ ಮೂರು ಏಲಕ್ಕಿ, ಒಂದು ಚಕ್ರಮೊಗ್ಗು, ಶುಂಠಿಯ ಎರಡು ಬಿಲ್ಲೆ ಹಾಕಿ ಐದು ನಿಮಿಷ ಕುದಿಸಿ. ಇದರಲ್ಲಿ ಆಲ್ಕೋಹಾಲ್ ಇಲ್ಲ, ಧಾರಾಳವಾಗಿ ಕುದಿಯಲಿ. ಸಕ್ಕರೆ ಕರಗಿ ಮಸಾಲೆ ಮೆತ್ತಗಾಗುತ್ತದೆ. ಉರಿ ಸಣ್ಣ ಮಾಡಿ ವೈನ್ ಸುರಿಯಿರಿ. ಕಿತ್ತಳೆಯ ಮೇಲ್ಸಿಪ್ಪೆಯನ್ನು ತೆಳ್ಳಗೆ ಹೆರೆದು ಹಾಕಿ. ಒಳಗಿನ ಬಿಳಿಯ ಪದರ ಬೇಡ, ಕಹಿ ಇರುವುದು ಅಲ್ಲೇ. ಹಬೆ ಕಾಣಿಸಿದ ಮೇಲೆ ಮುಚ್ಚಳ ಹಾಕಿ ಅದೇ ಬಿಸಿಯಲ್ಲಿ ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷ ಇಟ್ಟು ಸೋಸಿ. ಸೋಸದೆ ಬಿಟ್ಟರೆ ಲವಂಗ ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ರಾತ್ರಿ ಹತ್ತಕ್ಕೆ ಕುಡಿದವರ ನಾಲಿಗೆ ಜೋಮು ಹಿಡಿಯುತ್ತದೆ.

ಮಸಾಲೆ ಇಡಿಯಾಗಿಯೇ ಇರಲಿ. ಪುಡಿ ಹಾಕಿದರೆ ಎಷ್ಟು ಸೋಸಿದರೂ ತಳದಲ್ಲಿ ಕೆಸರು ಉಳಿಯುತ್ತದೆ.

ಪಾತ್ರೆ ಸ್ಟೀಲಿನದಿರಲಿ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ ಸಾರು ಮಾಡಿದರೆ ಕಿಲುಬಾಗುತ್ತದೆಂದು ಅಜ್ಜಿಯಂದಿರು ಬೈಯುತ್ತಿದ್ದರಲ್ಲ, ವೈನಿಗೂ ಅದೇ ಕಾನೂನು. ಅದರ ಹುಳಿ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಮೂರನ್ನೂ ತಿನ್ನುತ್ತದೆ. ಕೆಲವರು ಕೊನೆಗೆ ರಮ್ ಸೇರಿಸುವುದುಂಟು. ಅದನ್ನು ಗ್ಯಾಸ್ ಆರಿಸಿ, ಪಾತ್ರೆ ಕೆಳಗಿಳಿಸಿದ ಮೇಲೆಯೇ ಸೇರಿಸಬೇಕು. ರಮ್ಮಿನ ಹಬೆಗೆ ಬೆಂಕಿ ಹತ್ತಲು ತಡವಿಲ್ಲ.

ಚಕ್ಕೆಯ ಬಗ್ಗೆ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪ ತೊಗಟೆಯದು ಹೆಚ್ಚಾಗಿ ಕ್ಯಾಸಿಯಾ. ತೆಳ್ಳಗಿನ ಪದರಗಳನ್ನು ಬೀಡಿಯ ಹಾಗೆ ಸುತ್ತಿದಂತಿರುವುದು ಶ್ರೀಲಂಕಾದ ದಾಲ್ಚಿನ್ನಿ. ಕ್ಯಾಸಿಯಾದಲ್ಲಿ ಕುಮರಿನ್ ಎಂಬ ಅಂಶ ಹೆಚ್ಚು. ಅತಿಯಾದರೆ ಲಿವರ್‌ಗೆ ಒಳ್ಳೆಯದಲ್ಲ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2006ರಲ್ಲಿ ಕ್ರಿಸ್‌ಮಸ್ ಬಿಸ್ಕತ್ತುಗಳ ವಿಚಾರದಲ್ಲಿ ಎಚ್ಚರಿಸಿದ್ದು ಇದನ್ನೇ. ಇದು ದಿನವೂ ಹೇರಳವಾಗಿ ತಿನ್ನುವವರಿಗೆ ಹೇಳಿದ ಮಾತು. ನನ್ನನ್ನು ಕೇಳಿದರೆ, ಆರೋಗ್ಯಕ್ಕಿಂತ ರುಚಿಗಾಗಿಯೇ ತೆಳು ದಾಲ್ಚಿನ್ನಿ ಮೇಲು.

ಅಣ್ಣ ತಮ್ಮಂದಿರು: ಗ್ಲೋಗ್, ಪಂಚ್, ಟಾಡಿ

ಸ್ವೀಡನ್ನಿನಲ್ಲಿ ಇದಕ್ಕೆ ಗ್ಲೋಗ್ ಎನ್ನುತ್ತಾರೆ. ಆ ಹೆಸರೂ ಕಾಯಿಸುವ ಕ್ರಿಯೆಯಿಂದಲೇ ಬಂದದ್ದು. ಪುಟ್ಟ ಕಪ್ಪಿನ ತಳಕ್ಕೆ ಒಣದ್ರಾಕ್ಷಿ, ಸಿಪ್ಪೆ ತೆಗೆದ ಬಾದಾಮಿ ಹಾಕಿ ಮೇಲೆ ಬಿಸಿ ಗ್ಲೋಗ್ ಸುರಿದು, ಕೊನೆಗೆ ಚಮಚದಲ್ಲಿ ಅವನ್ನು ತಿನ್ನುವುದು ಪದ್ಧತಿ. ಏಲಕ್ಕಿ ಅದರ ಮುಖ್ಯ ಘಮ. ಡಿಸೆಂಬರ್ 13ರ ಲೂಸಿಯಾ ಹಬ್ಬದ ಹೊತ್ತಿಗೆ ಕೇಸರಿ ಬನ್ನಿನ ಜೊತೆ ಇದು ಇದ್ದೇ ಇರುತ್ತದೆ. ಬಾದಾಮಿ, ದ್ರಾಕ್ಷಿ, ಏಲಕ್ಕಿ, ಕೇಸರಿ: ಪಟ್ಟಿ ನೋಡಿದರೆ ನಮ್ಮವರು ಯಾರೋ ಪಾಯಸಕ್ಕೆ ಸಾಮಾನು ಬರೆಸಿದಂತಿದೆ.

ಪಂಚ್ ಎಂಬ ಹೆಸರು ನಮ್ಮ 'ಪಂಚ'ದಿಂದ ಹೋದದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ, ಒಟ್ಟು ಐದು. ಈಸ್ಟ್ ಇಂಡಿಯಾ ಕಂಪನಿಯವರ ಪತ್ರದಲ್ಲಿ 1632ರಲ್ಲೇ ಈ ಪದ ಸಿಗುತ್ತದೆ. ಟಾಡಿಯ ಕಥೆ ಇನ್ನೂ ಸೊಗಸು. ಸ್ಕಾಟ್‌ಲೆಂಡಿನವರು ವಿಸ್ಕಿಗೆ ಬಿಸಿ ನೀರು, ಜೇನು, ನಿಂಬೆ ಬೆರೆಸಿ ಹಾಟ್ ಟಾಡಿ ಎನ್ನುತ್ತಾರೆ. ಅದರಲ್ಲಿ ತಾಳೆಯ ಹನಿಯೂ ಇಲ್ಲ. ಆದರೆ ಹೆಸರು ಬಂದದ್ದು ತಾಳೆಮರದ ಕಳ್ಳಿಗೆ ಉತ್ತರದವರು ಹೇಳುವ 'ತಾಡಿ'ಯಿಂದ. ನಮ್ಮ ತಾಡೋಲೆಯಲ್ಲಿರುವ 'ತಾಡ'ವೂ ಆ ಮರವೇ. ಮಾಡುವ ರೀತಿಯಲ್ಲೂ ವ್ಯತ್ಯಾಸವಿದೆ: ಟಾಡಿಯಲ್ಲಿ ವಿಸ್ಕಿಯನ್ನು ಒಲೆಯ ಮೇಲೆ ಇಡುವುದೇ ಇಲ್ಲ, ಕಾದ ನೀರನ್ನು ಅದಕ್ಕೆ ಬೆರೆಸುತ್ತಾರೆ. ಕುದಿಸುವ ಪ್ರಶ್ನೆಯೇ ಏಳುವುದಿಲ್ಲ.

ಮೈ ನಿಜವಾಗಿ ಬೆಚ್ಚಗಾಗುತ್ತದೆಯೇ?

ಬಾಯಿಗೆ ಹೌದು, ಚರ್ಮಕ್ಕೂ ಹೌದು. ದೇಹದ ಒಳಗೆ ಇಲ್ಲ.

ಬಾಯಿ, ಗಂಟಲಿನ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ, ಹೆಸರು ಟಿಆರ್‌ಪಿವಿ1. ಇದನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಸುಮಾರು 42 ಡಿಗ್ರಿ ದಾಟಿದರೆ ಇದು 'ಸುಡುತ್ತಿದೆ' ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೆಣಸಿನಕಾಯಿ, ಕಾಳುಮೆಣಸು, ಶುಂಠಿಯ ಖಾರಗಳೂ ಇದೇ ಗಂಟೆಯನ್ನು ಬಾರಿಸುತ್ತವೆ. ಖಾರ ತಿಂದು ನಾವು 'ಬಾಯಿ ಉರೀತಿದೆ' ಎನ್ನುವುದು ಬರೀ ಉಪಮೆಯಲ್ಲ. ಮಿದುಳಿಗೆ ಆ ಎರಡು ಉರಿಗೂ ದಾರಿ ಒಂದೇ. ಆಲ್ಕೋಹಾಲ್ ಈ ಗಂಟೆಯನ್ನು ಇನ್ನೂ ಹಗುರ ಮಾಡುತ್ತದೆ: ಅದು ಬಾರಿಸುವ ಮಿತಿ ಸುಮಾರು 34 ಡಿಗ್ರಿಗೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಬಿಸಿ, ಖಾರ, ಆಲ್ಕೋಹಾಲ್ ಮೂರೂ ಕೂಡಿದ ಗುಟುಕು ಎದೆಯವರೆಗೂ ಬೆಂಕಿಯ ಗೆರೆ ಎಳೆದಂತೆ ಇಳಿಯುವುದು ಇದಕ್ಕೇ.

ಇನ್ನು ಚರ್ಮ. ಆಲ್ಕೋಹಾಲ್ ಚರ್ಮದಡಿಯ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಹೊರಗೆ ಹರಿದು ಕೆನ್ನೆ ಕೆಂಪಾಗಿ, ಮೈ ಬೆಚ್ಚಗಾದಂತೆ ಅನಿಸುತ್ತದೆ. ಆದರೆ ಹಾಗೆ ಹೊರಬಂದ ಬಿಸಿ ಚಳಿಗಾಳಿಗೆ ಸೋರಿಹೋಗುತ್ತದೆ. ಮನೆಯೊಳಗೆ ಹೀಟರ್ ಹಾಕಿ ಕಿಟಕಿ ತೆರೆದಿಟ್ಟಂತೆ. ಸೊನ್ನೆ ಡಿಗ್ರಿಯ ಬೀದಿಯಲ್ಲಿ 'ಬೆಚ್ಚಗಿದೆ' ಎಂದು ಜಾಕೆಟ್ ಬಿಚ್ಚಿದವರು ಅಪಾಯಕ್ಕೆ ಸಿಗುವುದು ಹೀಗೆ.

ಒಂದು ಲೋಟವೆಂದರೆ ಎಷ್ಟು?

ಸಂತೆಯ ಒಂದು ಲೋಟಕ್ಕೆ ಸಾಮಾನ್ಯವಾಗಿ 200 ಮಿಲಿ. ಶೇ. 10ರ ಗ್ಲೂವೈನ್ ಎಂದಿಟ್ಟುಕೊಂಡರೆ ಅದರಲ್ಲಿ 20 ಮಿಲಿ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಶೇ. 42.8ರ ವಿಸ್ಕಿಯ 30 ಮಿಲಿ ಪೆಗ್ಗಿನಲ್ಲಿರುವುದು ಸುಮಾರು 13 ಮಿಲಿ. ಅಂದರೆ ಒಂದು ಲೋಟ ಒಂದೂವರೆ ಪೆಗ್ಗಿಗೆ ಸಮ. ಮೂರು ಲೋಟ ಇಳಿಸಿದವರು 'ನೈಂಟಿ' ದಾಟಿ ಕ್ವಾರ್ಟರಿನ ದಾರಿಯಲ್ಲಿರುತ್ತಾರೆ. ಸಿಹಿ ಮತ್ತು ಮಸಾಲೆ ಆಲ್ಕೋಹಾಲಿನ ಕಟುವನ್ನು ಮರೆಮಾಡುವುದರಿಂದ ಲೆಕ್ಕ ತಪ್ಪುವುದು ಸುಲಭ.

ಜರ್ಮನಿಯಲ್ಲಿ ವಾಹನ ಓಡಿಸುವವರ ಒಂದು ಲೀಟರ್ ರಕ್ತದಲ್ಲಿ ಆಲ್ಕೋಹಾಲಿನ ಮಿತಿ ಸುಮಾರು 0.5 ಗ್ರಾಂ, ಹೊಸದಾಗಿ ಲೈಸೆನ್ಸ್ ಪಡೆದವರಿಗೂ 21 ವರ್ಷದೊಳಗಿನವರಿಗೂ ಸೊನ್ನೆ. ಭಾರತದಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಲೀಟರಿಗೆ 0.3 ಗ್ರಾಂ. ಲೋಟದ ಬೆಲೆಯ ಜೊತೆ ಕೊಡುವ ಹೆಚ್ಚುವರಿ ಯೂರೋಗಳು ಪಿಂಗಾಣಿ ಲೋಟದ ಠೇವಣಿ. ಅವರು ಅದನ್ನು ಫಾಂಡ್ ಎನ್ನುತ್ತಾರೆ. ಲೋಟ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಇಷ್ಟವಾದರೆ ದುಡ್ಡು ಬಿಟ್ಟು ಲೋಟ ಮನೆಗೆ. ನಮ್ಮ ಚಿಕ್ಕಮ್ಮನ ಶೋಕೇಸಿನಲ್ಲಿ ಈಗ ಅಂಥವು ಮೂರಿವೆ, ಒಂದರಲ್ಲಿ ಪೆನ್ನುಗಳು.

ಕುಡಿಯದವರ ಲೋಟ

ಅದೇ ಸಂತೆಯಲ್ಲಿ, ಅದೇ ಅಂಗಡಿಯಲ್ಲಿ, ಕಿಂಡರ್‌ಪುನ್ಶ್ ಎಂಬುದೂ ಸಿಗುತ್ತದೆ. ಅರ್ಥ 'ಮಕ್ಕಳ ಪಂಚ್'. ಹಣ್ಣಿನ ರಸ, ಮಸಾಲೆ, ಕೆಲವೊಮ್ಮೆ ಹಣ್ಣಿನ ಟೀ, ಆಲ್ಕೋಹಾಲ್ ಇಲ್ಲ. ಇಲ್ಲಿ ಮಾಡಲು ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯೇ ಸಾಕು. ಬಣ್ಣ ಕಡು, ಘಮ ಜೋರು, ಹುಳಿಯೂ ಇದೆ. ಒಂದು ಕೆಜಿ ದ್ರಾಕ್ಷಿಯನ್ನು ಒಂದು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ, ಹಿಂಡಿ, ಸೋಸಿ. ಮೇಲೆ ಹೇಳಿದ ಮಸಾಲೆಯನ್ನೇ ಹಾಕಿ. ಸಕ್ಕರೆಯನ್ನು ರುಚಿ ನೋಡಿಕೊಂಡು ಹಾಕಿ, ಒಂದು ಚಿಟಿಕೆ ಕಾಳುಮೆಣಸೂ ಇರಲಿ. ಇದನ್ನು ಬೇಕಾದಷ್ಟು ಕುದಿಸಬಹುದು. ಚಿಕ್ಕಮ್ಮ ಕೇಳಿದರೆ ಕಷಾಯ ಎಂದು ಧೈರ್ಯವಾಗಿ ಹೇಳಬಹುದು.